ಹರಿಹರದ ಡಾಕ್ಟರು ಚುಚ್ಚದ ಸೂಜಿ

ಹರಿಹರದ ಡಾಕ್ಟರ ಕಿವಿಗಳಲ್ಲಿ ಪೊದೆಗಟ್ಟಿದ ಬಿಳಿ ಕೂದಲಿತ್ತು. ಸ್ಟೆತಾಸ್ಕೋಪ್ ಸಿಕ್ಕಿಸುವ ಮೊದಲು ಅದನ್ನು ಕಿರುಬೆರಳಿನಿಂದ ನಿಧಾನವಾಗಿ ಸರಿಸಿಕೊಳ್ಳುತ್ತಿದ್ದರು. ಅವಸರ ಮಾಡಿದವರಿಗೆ, "ಸೂಜಿ ಎಲ್ಲೂ ಓಡಿಹೋಗಲ್ಲ, ಕೂಡ್ರಿ" ಎನ್ನುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯಲ್ಲಿ ನನ್ನದು ಹತ್ತಿ ವ್ಯಾಪಾರ. ವಯಸ್ಸು ನಲವತ್ತೈದು ದಾಟಿತ್ತು. ಹೆಂಡತಿಯೊಡನೆ ಕೂಡುವ ಶಕ್ತಿ ಕುಂದಿ, ನಾಚಿಕೆಯಿಂದ ಅವಳ ಜೊತೆ ಮಾತೇ ಬಿಟ್ಟಿದ್ದೆ. ಗಂಡಸರ ಹಾರ್ಮೋನಿನ ಇಂಜೆಕ್ಷನ್ ಬಂದಿದೆಯೆಂಬ ಸುದ್ದಿ ಪೇಟೆಯಲ್ಲಿ ಹಬ್ಬಿತ್ತು. ಇಂಥ ಕಾಯಿಲೆಗೆ ನಮ್ಮೂರವರು ಹರಿಹರಕ್ಕೆ ಹೋಗುವುದು, ಹರಿಹರದವರು ನಮ್ಮೂರಿಗೆ ಬರುವುದು ರೂಢಿ. ನಾನೂ ರೈಲು ಹತ್ತಿದೆ.

ಡಾಕ್ಟರು ಬಹಳ ಹೊತ್ತು ಎದೆಯನ್ನು ಆಲಿಸಿದರು. "ಎದೆನೋವು ಐತೇನ್ರಿ?"

"ಇಲ್ರಿ. ಆ ಇಂಜೆಕ್ಷನ್ ಕೊಟ್ಬಿಡ್ರಿ ಸಾಕು."

"ಅದು ಹೃದಯಕ್ಕೂ ಒಳ್ಳೇದು ಅಂತಾರೆ ಕೆಲವರು, ಬ್ಯಾಡ ಅಂತಾರೆ ಕೆಲವರು. ನನಗೂ ಗೊತ್ತಿಲ್ಲ. ಮನೆಯವರನ್ನ ಕರ್ಕಂಡ್ ಬರ್ರಿ, ಆಮೇಲೆ ನೋಡಾಣ."

ಸಿಟ್ಟು ನೆತ್ತಿಗೇರಿತು. ಯಾರಿಂದ ಮುಚ್ಚಿಡಲು ಊರು ಬಿಟ್ಟು ಬಂದೆನೋ ಅವಳನ್ನೇ ಕರೆತಾ ಎನ್ನುವುದೇ? ಕೆಲವು ದಿನ ಮುಖ ಊದಿಸಿಕೊಂಡು ಓಡಾಡಿದೆ. ಕೊನೆಗೆ ಬೇರೆ ದಾರಿ ಕಾಣದೆ ಅವಳಿಗೆ ಎಲ್ಲ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಅತ್ತಳು. ನನಗೆ ಬೇರೆ ಹೆಂಗಸಿನ ಸಹವಾಸವಿದೆ ಎಂದೇ ನಂಬಿದ್ದಳಂತೆ.

ಡಾಕ್ಟರ ಮುಂದೆ ಅವಳೇ ಬಾಯಿಬಿಟ್ಟಳು. "ಮಾಳಿಗೆ ಹತ್ತುವಾಗ ಅರ್ಧಕ್ಕೆ ನಿಂತು ಎದೆ ಒತ್ಕಂತಾರ್ರಿ. ಕೇಳಿದ್ರೆ, ಮಿರ್ಚಿ ತಿಂದ ಉರಿ ಅಂತಾರೆ." ನಾನು ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದೆ.

"ಒಳ್ಳೇದಾತು ತಾಯೀ, ನೀವು ಬಂದಿದ್ದು" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ಹೃದಯಕ್ಕೆ ರಕ್ತ ಸರಿಯಾಗಿ ಹೋಗ್ತಿಲ್ಲ ಸಾವ್ಕಾರ್ರೇ. ನಿಮ್ಮ ಆ ತೊಂದ್ರೆನೂ ಅದರಿಂದಲೇ ಇರಬೋದು. ಮೊದಲು ಎದೆ ನೋಡ್ಕಳಾಣ."

ಬೀಡಿ ಬಿಡಿಸಿದರು, ನಾಲಿಗೆಯಡಿ ಇಟ್ಟುಕೊಳ್ಳುವ ಗುಳಿಗೆ ಕೊಟ್ಟರು. ಇಂಜೆಕ್ಷನ್ ಮಾತು ನಾನೂ ಮತ್ತೆ ಎತ್ತಲಿಲ್ಲ. ಶಕ್ತಿ ಪೂರ್ತಿ ಮರಳಿತೆಂದರೆ ಸುಳ್ಳಾದೀತು. ಆದರೆ ಊಟವಾದ ಮೇಲೆ ಇಬ್ಬರೂ ಕುಳಿತು ಹರಟುವ ಅಭ್ಯಾಸ ತಿರುಗಿ ಬಂತು.

ಕೆಲವು ವರ್ಷಗಳ ನಂತರ ಡಾಕ್ಟರು ತೀರಿಕೊಂಡರು. ಮಣ್ಣಿಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ಹೆಂಡತಿ ಅಳುತ್ತಿದ್ದಳು. ನನ್ನ ಜೀವ ಉಳಿಸಿದ ಪುಣ್ಯಾತ್ಮ ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅದಷ್ಟೇ ಅಲ್ರಿ. ಅವರಿಲ್ದಿದ್ರೆ ನೀವು ಏನೂ ಹೇಳ್ದೆ ಹೋಗಿಬಿಡ್ತಿದ್ರಿ. ನಾನು ಸಾಯೋತನಕ ನಿಮ್ಮನ್ನ ಬೈಕಂತ ಇರ್ತಿದ್ದೆ."