ನಡುಗುವಾಗಲೇ ಇಳಿಸಿದ ತಟ್ಟೆ

ಬೂಬಮ್ಮನ ಬಿಸ್ಕತ್ತಿಗೆ ತಗುಲಿದ ಬೆಲೆ ಆಕೆಯ ಎರಡು ಹುಬ್ಬು. ಮದ್ದೂರಿನ ಪೇಟೆಬೀದಿಯ ಹಿಂದಿನ ಓಣಿಯಲ್ಲಿ, ಅಗಲ ಬಾಯಿಯ ತಾಮ್ರದ ಪಾತ್ರೆಯೊಳಗೆ ಮರಳು ಹಾಸಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಆಕೆ ಬಿಸ್ಕತ್ತು ಬೇಯಿಸುತ್ತಿದ್ದಳು. ಒಳಗೆ ಬೆಂದಿದೆಯೋ ಇಲ್ಲವೋ ನೋಡಬೇಕಾದರೆ ಕೆಂಡ ಹೊತ್ತ ಮುಚ್ಚಳವನ್ನು ಇಕ್ಕಳದಿಂದ ಎತ್ತಿ ಬಗ್ಗಬೇಕು. ಬಗ್ಗಿ ಬಗ್ಗಿ ಸುಟ್ಟ ಹುಬ್ಬುಗಳು ಮತ್ತೆ ಬೆಳೆಯುವ ಆಸೆಯನ್ನೇ ಬಿಟ್ಟಿದ್ದವು. ಹುಬ್ಬಿಲ್ಲದ ಮುಖಕ್ಕೆ ಸದಾ ಒಂದು ಬೆರಗಿನ ಕಳೆ. ವ್ಯಾಪಾರಕ್ಕೆ ಅದು ದೊಡ್ಡ ಅನುಕೂಲ. ಸಾಮಾನು ಮಾರಲು ಬಂದವನು ಎಷ್ಟು ಕಡಿಮೆ ಬೆಲೆ ಹೇಳಿದರೂ ಆಕೆ ಬೆರಗಾದಂತೆಯೇ ಕಾಣುತ್ತಿದ್ದಳು. ಹೇಳಿದವನು ಹೆದರಿ ತಾನಾಗಿಯೇ ಇಳಿಯುತ್ತಿದ್ದ.

ನಾನೂ ಹಾಗೆ ಇಳಿದವನೇ. ಮಳವಳ್ಳಿ ಕಡೆಯ ಆಲೆಮನೆಗಳಿಂದ ಬೆಲ್ಲ ಎತ್ತಿ ಮದ್ದೂರು, ಮಂಡ್ಯದ ಸಂತೆಗಳಲ್ಲಿ ಮಾರುವುದು ಆಗ ನನ್ನ ಕಸುಬು. ಅಪ್ಪನಿಂದ ಬಂದದ್ದಲ್ಲ, ಬಾಯಿಂದ ಸಂಪಾದಿಸಿದ್ದು. ಆ ಬಾಯನ್ನು ಮೊದಲ ದಿನವೇ ಈಕೆ ಮುಚ್ಚಿಸಿದಳು. "ಅಷ್ಟೊಂದು ಒದರ್ಬ್ಯಾಡ ಕಣ್ಲಾ ಪುಟ್ಸಾಮಿ. ನಿನ್ ಬೆಲ್ಲ ಚೆಂದಾಗಿದ್ರೆ ಇರುವೆ ಬಂದು ನಂಗೆ ಯೋಳ್ತವೆ" ಎಂದು ಬೆಲ್ಲದ ಅಚ್ಚೊಂದನ್ನು ಹೊಸಲಿನ ಮೇಲಿಟ್ಟು ಒಳಗೆ ಹೋದಳು. ಇರುವೆ ಬರುವವರೆಗೆ ನಾನು ಬಿಸಿಲಲ್ಲಿ ಕಾದೆ. ಆವತ್ತಿನಿಂದ ಆಕೆಗೆ ಬೆಲ್ಲ ಹಾಕುವವನು ನಾನೇ.

ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಹುಬ್ಬಿನ ಕೆಳಗಿನದರ ಸರದಿ ಬಂತು. ಸಂಜೆಯಾದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಲಗಣ್ಣಿಗೆ ಮಬ್ಬು ಕವಿದಿತ್ತು. ಕೆಂಡದ ಮುಂದೆ ಬಗ್ಗುವುದನ್ನು ಬಿಡದಿದ್ದರೆ ಎಡಗಣ್ಣೂ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಗಂಡ ತೀರಿಕೊಂಡಿದ್ದ, ಮಗಳಿಗೆ ಮದುವೆಯಾಗಿರಲಿಲ್ಲ. ಬಗ್ಗುವುದು ನಿಂತರೆ ಮನೆಯಲ್ಲಿ ಅನ್ನ ಬೇಯುವುದೂ ನಿಲ್ಲುತ್ತಿತ್ತು.

ಸ್ಟೇಷನ್ನಿನ ಆಚೆ ನೀರೆತ್ತುವ ಎಂಜಿನ್ನುಗಳ ರಿಪೇರಿ ಮಾಡಿಸುತ್ತಿದ್ದ ಅಮೆರಿಕದ ದೊರೆಯೊಬ್ಬನಿದ್ದ. ಅವನ ಮನೆಯಲ್ಲಿ ಒಂದು ಕಬ್ಬಿಣದ ಒಲೆ. ಬೆಂಕಿಗೊಂದು ಗೂಡು, ಬೇಯುವುದಕ್ಕೆ ಬೇರೆ ಗೂಡು, ಎರಡಕ್ಕೂ ಬಾಗಿಲು, ಹೊಗೆಗೆ ಕೊಳವೆ. ಮುಖ ಸುಟ್ಟುಕೊಳ್ಳದೆ ಬೇಯಿಸಬಹುದು. ಬಿಸ್ಕತ್ತು ಕೊಡಲು ಹೋದಾಗಲೆಲ್ಲ ಬೂಬಮ್ಮ ಅದರ ಬಾಗಿಲನ್ನು ತೆಗೆದು, ಮುಚ್ಚಿ, ಸವರಿ ಬರುತ್ತಿದ್ದಳು. ಯುದ್ಧ ಮುಗಿದು ದೊರೆಗೆ ಊರಿಗೆ ಹೋಗಲು ಹಡಗು ಸಿಕ್ಕಿತು. ಸಾಮಾನೆಲ್ಲ ಮಾರಾಟಕ್ಕೆ ಬಿತ್ತು. ಒಲೆಯನ್ನು ಗುಜರಿ ಕಾಳಪ್ಪ ಒಡೆದು ತೂಕಕ್ಕೆ ಮಾರಲು ಗೊತ್ತು ಮಾಡಿಕೊಂಡಿದ್ದ. ಸೋಮವಾರ ಅವನ ಗಾಡಿ ಬರುವುದಿತ್ತು.

ನಾನು ಹೋಗಿ ಚೌಕಾಸಿ ಮಾಡುತ್ತೇನೆ ಎಂದೆ.

"ಸುಮ್ಕಿರು. ದುಡ್ಡಲ್ಲಿ ಕಾಳಪ್ಪನ್ನ ಗೆಲ್ಲಾಕಾಗಾಕಿಲ್ಲ. ದೊರೆಸಾನಿಗೆ ದುಡ್ಡು ಬಿಟ್ಟು ಇನ್ನೇನ್ ಬೇಕು, ಅದ ಕೇಳ್ಕಂಡ್ ಬತ್ತೀನಿ" ಎಂದು ಸೆರಗು ಹೊದ್ದು ಹೊರಟಳು.

ದೊರೆಸಾನಿಗೆ ಬೇಕಾಗಿದ್ದದ್ದು ಅವಳ ತಾಯಿ ಮಾಡುತ್ತಿದ್ದ ಪೀಕಾನ್ ಪೈ. ಪೀಕಾನ್ ಎಂದರೆ ಅಕ್ರೋಟಿನ ತಮ್ಮನಂಥ ಉದ್ದನೆಯ ಬೀಜ. ಅವಳ ಅಕ್ಕ ಎಂದೋ ಹಡಗಿನಲ್ಲಿ ಕಳಿಸಿದ್ದ ಒಂದೇ ಡಬ್ಬಿಯನ್ನು ಯುದ್ಧದುದ್ದಕ್ಕೂ ಬಚ್ಚಿಟ್ಟಿದ್ದಳು. ಈಗ ಚಳಿಜ್ವರ ಬಂದು ಅವಳು ಎದ್ದು ನಿಲ್ಲಲಾರಳು. ಅಡುಗೆಯವನು ಬೇರೆ ಮನೆ ಸೇರಿದ್ದ. ಒಲೆಯ ಕೊಳವೆಯನ್ನು ಆಗಲೇ ಬಿಚ್ಚಿ ಅಂಗಳಕ್ಕೆ ಹಾಕಿದ್ದರು. ತೋಟದ ಆಳುಗಳಿಂದ ಕಲಿತ ಕನ್ನಡದಲ್ಲಿ ಅವಳು ಮಾತು ಕೊಟ್ಟಳಂತೆ: "ಗಾಡಿ ಬರೋದ್ರೊಳಗೆ ಮಾಡ್ಕಂಡ್ ಬಾ ಕಣಮ್ಮಿ. ನಮ್ಮವ್ವುಂದ್ ತರಾನೇ ಆದ್ರೆ ಒಲೆ ನಿಂದು. ದೊರೆಗೆ ನಾ ಯೋಳ್ತೀನಿ." ಬೀಜದ ಡಬ್ಬಿಯನ್ನು ಕೈಗಿತ್ತು ಮಾಡುವ ಬಗೆಯನ್ನೂ ಹೇಳಿಕೊಟ್ಟಳು. ಮೈದಾಕ್ಕೆ ತಣ್ಣನೆ ಬೆಣ್ಣೆ ಉಜ್ಜಿ ತಟ್ಟೆಗೆ ಹಾಸುವುದು. ಸುರಿಯುವಂಥ ನೀರು ಬೆಲ್ಲ, ಮೊಟ್ಟೆ, ಬೆಣ್ಣೆ, ಚಿಟಿಕೆ ಉಪ್ಪು ಕಲಸಿ ಅದರೊಳಗೆ ಹೊಯ್ದು, ಮೇಲೆ ಬೀಜ ಜೋಡಿಸಿ ಬೇಯಿಸುವುದು. ಅಂಚು ಗಟ್ಟಿಯಾಗಿ ನಡು ಇನ್ನೂ ನಡುಗುತ್ತಿರುವಾಗಲೇ ಇಳಿಸುವುದು. ಪೂರ್ತಿ ಆರುವವರೆಗೆ ಕೊಯ್ಯದಿರುವುದು.

ನಾವು ಬೆಲ್ಲದ ಸೀಮೆಯವರು. ಪಾಕವನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ, ಉಂಡೆ ಕಟ್ಟಿದರೆ ಬಂತು, ಅಲುಗಾಡಿದರೆ ಇನ್ನೂ ಹಸಿ ಎಂದು ತೊಟ್ಟಿಲಲ್ಲೇ ಕಲಿತವರು. ನಡುಗುವ ಪಾಕವನ್ನು ಒಲೆಯಿಂದ ಇಳಿಸುವವನನ್ನು ನಮ್ಮ ಕಡೆ ಆಲೆಮನೆಗೆ ಸೇರಿಸುವುದಿಲ್ಲ. ಅಚ್ಚಿಗೆ ಹೊಯ್ಯುವ ಮೊದಲೇ ಕೊಪ್ಪರಿಗೆಯಿಂದ ತೆಗೆಸಿದ ನೀರು ಬೆಲ್ಲವನ್ನು ನಾನು ತಂದುಕೊಟ್ಟೆ. ಡಬ್ಬಿಯ ಬೀಜ ಮುಟ್ಟದೆ ಮೊದಲು ಕಡಲೆಕಾಯಿ ಬೀಜ ಹಾಕಿ ನೋಡೋಣ ಎಂದೆ. ಬೂಬಮ್ಮ ಒಪ್ಪಿದಳು. ಆದರೆ ನಡುಗುವಾಗಲೇ ಇಳಿಸು ಎಂಬ ದೊರೆಸಾನಿಯ ಮಾತನ್ನು ಆಕೆ ನಂಬಲಿಲ್ಲ; ಜ್ವರದಲ್ಲಿ ಏನೋ ಬಡಬಡಿಸಿದ್ದಾಳೆ ಎಂದುಕೊಂಡು, ನಡುಕ ಪೂರ್ತಿ ನಿಲ್ಲುವವರೆಗೆ ಕೆಂಡ ಏರಿಸಿದಳು. ಆರಿದ ಮೇಲೆ ಚಾಕು ಇಳಿಯಲಿಲ್ಲ. ಕತ್ತಿ ತಂದೆವು.

"ಇದ್ನ ಕಾಳಪ್ಪನ್ ತಕ್ಕಡಿಗೆ ಆಕುದ್ರೆ ಒಲೆಗಿಂತ ಜಾಸ್ತಿ ತೂಗ್ತದೆ" ಎಂದಳು. ನಗಲಿಲ್ಲ.

ಸೋಮವಾರ ಡಬ್ಬಿ ಒಡೆದೆವು. ಬೀಜ ಒಂದೇ ತಟ್ಟೆಗೆ ಸಾಕಾಗುವಷ್ಟಿತ್ತು. ರೇಷನ್ನಿನ ಮೈದಾ ಕೂಡ ಅಷ್ಟೇ. ಆಕೆ ಮುಚ್ಚಳ ಎತ್ತಿ ಬಗ್ಗಿದಳು, ತಟ್ಟೆಯ ಅಂಚನ್ನು ಇಕ್ಕಳದಿಂದ ಮೆಲ್ಲಗೆ ತಟ್ಟಿದಳು. ಅಂಚು ನಿಂತಿತ್ತು, ನಡು ನಡುಗಿತು.

"ಅಸಿ ಅದೆ ಬೂಬಮ್ಮ. ಇನ್ನೊಂಚೂರು ಬುಡಿ" ಎಂದೆ.

ಆಕೆ ಇನ್ನಷ್ಟು ಬಗ್ಗಿದಳು. ಮಬ್ಬುಗಣ್ಣಿನಿಂದ ನೀರು ಇಳಿದು ಕೆಂಡಕ್ಕೆ ಬಿದ್ದು ಚುರ್ ಎಂದಿತು. ಆಮೇಲೆ, ಮನಸ್ಸು ಬದಲಾಗುವ ಮುಂಚೆ ಮುಗಿಸಿಬಿಡಬೇಕು ಎಂಬಂತೆ ತಟ್ಟೆಯನ್ನು ಎತ್ತಿ ಹೊರಗಿಟ್ಟಳು. "ನನ್ ಮನಸ್ ಒಪ್ತಾ ಇಲ್ಲ ಕಣ್ಲಾ. ನನ್ ಮನಸ್ ಯೋಳ್ದಂಗೆ ಮಾಡಿ ಒಂದು ಕಲ್ ಮಾಡ್ದೆ. ಈ ಸಲ ಅವ್ಳ್ ಮನಸ್ ಯೋಳ್ದಂಗೆ ಮಾಡ್ತೀನಿ."

ಜಟಕಾದಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆವು. ಪ್ರತಿ ಹಳ್ಳದಲ್ಲೂ ಅದು ನಡುಗುತ್ತಿತ್ತು, ಜೊತೆಗೆ ನಾನೂ. ಅಲ್ಲಿ ಕಾಳಪ್ಪನ ಗಾಡಿ ಆಗಲೇ ನಿಂತಿತ್ತು. ಆಳುಗಳು ಒಲೆಯನ್ನು ಅಂಗಳಕ್ಕೆ ಎಳೆದು ಹಗ್ಗ ಬಿಗಿಯುತ್ತಿದ್ದರು. ದೊರೆಸಾನಿ ಶಾಲು ಹೊದ್ದು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡಿದ್ದಳು. ಪಕ್ಕದಲ್ಲಿ ಗಡಿಯಾರ ನೋಡುವ ದೊರೆ.

"ಏನ್ ಬೂಬಮ್ಮ, ಒಲೆಗೆ ತಿಥಿ ಊಟ ತಂದಾ?" ಎಂದ ಕಾಳಪ್ಪ.

"ಊಟ ಆದ್ಮೇಲೆ ನಿನ್ನೂ ಕರಿತೀನಿ, ಆತ್ರಪಡ್ಬ್ಯಾಡ" ಎಂದಳು ಆಕೆ.

ದೊರೆ ಚಾಕು ತರಿಸಿದ. ಬೂಬಮ್ಮ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. "ಇನ್ನೂ ಬೆಚ್ಚಗದೆ. ಆರ್ಬೇಕು."

ಒಲೆಯ ಒಂದು ಕಾಲು ಗಾಡಿಯ ಮೇಲೆ ಹತ್ತಿತು. ನಾನು ಆಕೆಯ ಕಿವಿಯಲ್ಲಿ ಹೇಳಿದೆ: "ಕುಯ್ದ್ಬುಡಿ ಬೂಬಮ್ಮ, ಓಯ್ತದೆ ಒಲೆ." ಆಕೆ ನನ್ನತ್ತ ತಿರುಗಲೇ ಇಲ್ಲ. ಎರಡನೇ ಕಾಲೂ ಹತ್ತಿತು. ದೊರೆ ಏನೋ ಗೊಣಗಿದ. ಆದರೆ ದೊರೆಸಾನಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಬೂಬಮ್ಮನ ಕೈಯನ್ನೇ ನೋಡುತ್ತಿದ್ದಳು. ಆರದೆ ಕೊಯ್ಯಬೇಡ ಎಂದು ಹೇಳಿಕೊಟ್ಟವಳು ಅವಳೇ ತಾನೆ. ಕೊನೆಗೆ ಬೂಬಮ್ಮ ತಟ್ಟೆಯ ತಳವನ್ನು ಅಂಗೈಯಿಂದ ಮುಟ್ಟಿ ನೋಡಿ, ತಾನೇ ಚಾಕು ಇಳಿಸಿದಳು.

ತುಂಡು ನಿಂತಿತು. ಹರಿಯಲಿಲ್ಲ, ಒಡೆಯಲಿಲ್ಲ. ಕಡುಕಂದು ಹೂರಣ ಚಾಕುವಿನ ಗೆರೆಯಲ್ಲಿ ನುಣ್ಣಗೆ ಹೊಳೆಯಿತು. ದೊರೆಸಾನಿ ಒಂದು ತುತ್ತು ತಿಂದಳು. ನಮ್ಮ ಬೆಲ್ಲದ ರುಚಿ ಅವಳ ತಾಯಿಯ ಕೈಯದ್ದಾಗಿರಲು ಸಾಧ್ಯವಿಲ್ಲ, ನನಗೆ ಗೊತ್ತು. ಆದರೂ ಅವಳು ಕಣ್ಣೊರೆಸಿಕೊಂಡು ಗಾಡಿಯ ಕಡೆಗೆ ಬೆರಳು ತೋರಿಸಿದಳು. "ಇಳಿಸ್ರಲಾ ಅದ."

ಒಲೆ ಸಾಗಿಸುವ ಖರ್ಚು ಯಾರದು ಎಂದು ನಾನು ಬಾಯಿ ತೆಗೆದೆ. ಬೂಬಮ್ಮ ನನ್ನ ಕಾಲು ತುಳಿದಳು.

ಅದೇ ಒಲೆಯಲ್ಲಿ ದುಡಿದು ಆಕೆ ಮಗಳ ಮದುವೆ ಮಾಡಿದಳು. ಬಲಗಣ್ಣು ಉಳಿಯಲಿಲ್ಲ, ಎಡಗಣ್ಣು ಉಳಿಯಿತು. ಸ್ವಾತಂತ್ರ್ಯ ಬಂದ ವರ್ಷ ಮಗಳ ಮನೆ ಸೇರಲು ಮಳವಳ್ಳಿಗೆ ಹೊರಟಾಗ ಒಲೆಯನ್ನು ನನ್ನ ಹೆಂಡತಿಗೆ ಬಿಟ್ಟುಹೋದಳು. ಕೆಲವು ತಿಂಗಳ ನಂತರ ಹೆಂಡತಿ ಮಾಡಿದ ಕಡಲೆಕಾಯಿ ಬೀಜದ ಪೈ ಒಂದನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದೆ. ಜಗುಲಿಯಲ್ಲಿ ಕೂತಿದ್ದವಳನ್ನು ನೋಡಿ ಗುರುತು ಹತ್ತಲಿಲ್ಲ. ಬೆಂಕಿಯ ಮುಂದೆ ಕೂರುವುದೇ ತಪ್ಪಿದ ಮೇಲೆ ಹುಬ್ಬು ಬೆಳೆದಿದ್ದವು, ಎರಡೂ ಬೆಳ್ಳಗೆ, ದಟ್ಟವಾಗಿ. ಬೆರಗಿನ ಕಳೆ ಹೋಗಿ ಯಾರದೋ ಮನೆಯ ಸಾಮಾನ್ಯ ಅಜ್ಜಿಯಾಗಿದ್ದಳು.

"ಇನ್ ಯಾಪಾರಕ್ಕೆ ನಾ ಆಗಾಕಿಲ್ಲ ಕಣಪ್ಪ" ಎಂದು ಹುಬ್ಬು ಸವರಿಕೊಂಡಳು. ಒಂದು ತುಂಡು ತಿಂದು, "ಒಂಚೂರು ಜಾಸ್ತಿ ಬೇಯ್ಸವ್ಳೆ ನಿನ್ ಎಂಡ್ರು. ಎದ್ರುಕಂಡವ್ಳೆ" ಎಂದಳು. ಮುಂದಿನ ಸಲ ನಾನು ಬೆಲ್ಲಕ್ಕೆಂದು ಆ ಕಡೆ ಹೋದಾಗ ಜಗುಲಿ ಖಾಲಿಯಿತ್ತು.

ನೀವು ಮಾಡುವುದಾದರೆ ಕೇಳಿ. ಪೀಕಾನ್ ಸಿಗದಿದ್ದರೆ ಅಕ್ರೋಟು, ಅದೂ ಇಲ್ಲದಿದ್ದರೆ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ. ಬೆಲ್ಲವನ್ನು ಪಾಕ ಬರಿಸಬೇಡಿ, ಕರಗಿಸಿ ಸೋಸಿ ತಣ್ಣಗಾದ ಮೇಲೆ ಮೊಟ್ಟೆಗೆ ಸೇರಿಸಿ. ಬಿಸಿ ಹೊಯ್ದರೆ ಮೊಟ್ಟೆ ಗಂಟು ಕಟ್ಟುತ್ತದೆ. ಅಂಚು ನಿಂತು ನಡು ನಡುಗಿದ ಕೂಡಲೇ ಇಳಿಸಿ. ನಿಮ್ಮ ಮನಸ್ಸು ಒಪ್ಪುವುದಿಲ್ಲ, ಆದರೂ ಇಳಿಸಿ. ಆಮೇಲೆ ತಟ್ಟೆಯ ತಳ ತಣ್ಣಗಾಗುವವರೆಗೆ, ಅಂಗಳದಲ್ಲಿ ಯಾರ ಗಾಡಿ ನಿಂತಿದ್ದರೂ, ಚಾಕು ಇಳಿಸಬೇಡಿ.