ಕುದಿಸಿದ ಅಳತೆ ಪಟ್ಟಿ

ಆದೋನಿಯಲ್ಲಿ ನಾವಿದ್ದದ್ದು ನವಾಬರ ಕಾಲದ ಸರಾಯಿಯಲ್ಲಿ. ಒಂದೇ ಉದ್ದನೆಯ ಪಡಸಾಲೆ, ಅದರೊಳಗೆ ಗೋಣಿತಟ್ಟಿನ ಮರೆ ಕಟ್ಟಿಕೊಂಡು ಸಾಲಾಗಿ ಹನ್ನೆರಡು ಕೋಣೆ, ಹನ್ನೆರಡು ಸಂಸಾರ. ಎರಡು ತುದಿಗೆ ಮಾತ್ರ ಮೊಳ ದಪ್ಪದ ಕಲ್ಲಿನ ಗೋಡೆ. ಮದ್ರಾಸು ಬಿಟ್ಟು ಆಂಧ್ರ ಆದ ಹೊಸದರಲ್ಲಿ, ಅದನ್ನು ಕೆಡವಿ ಮಾರ್ಕೆಟ್ಟು ಕಟ್ಟುತ್ತೇವೆಂದು ಸರ್ಕಾರದವರು ಹೇಳಿಕಳಿಸಿದರು. ಹಳೇ ಕಟ್ಟಡವಂತೆ, ಕೆಡವುವ ಮುಂಚೆ ನಕ್ಷೆ ಬರೆದಿಡಬೇಕಂತೆ. ಹತ್ತಡಿ ಉದ್ದವಿದ್ದ ಕೋಣೆ ಅವರ ಲೆಕ್ಕಕ್ಕೆ ಮನೆ, ಅದಕ್ಕೆ ಬೇರೆ ಕಡೆ ಜಾಗ ಕೊಡುತ್ತಾರಂತೆ. ಕಡಿಮೆ ಬಂದರೆ ಗೂಡು, ಅದಕ್ಕೆ ಏನೂ ಇಲ್ಲ. ನನ್ನ ಗಂಡ ಬಡಿಗನ ಗಜಕಡ್ಡಿ ತಂದು ಮೊದಲೇ ಅಳೆದಿದ್ದ. ಎಲ್ಲ ಕೋಣೆಗಳೂ ಹತ್ತಡಿಗೆ ಮೂರು ಬೆರಳು ಕಡಿಮೆ.

ಸರ್ವೇಯರ್ ಬಂದ ದಿನ ನಾನು ಮುಟ್ಟಾಗಿ ಅಂಗಳದಲ್ಲಿ ಕೂತಿದ್ದೆ. ತಿಂಗಳಿಗೆ ಆ ಮೂರು ದಿನವೇ ನನಗೆ ರಜೆ. ಅವನ ಆಳು ಕೈಕೊಟ್ಟಿದ್ದ. ಬಟ್ಟೆಯ ಅಳತೆ ಪಟ್ಟಿಯ ತುದಿಯನ್ನು ನನ್ನ ಕೈಗೇ ಕೊಟ್ಟ, ಹಿಡಿದೆ. ಹೊರಗಿನ ಉದ್ದ ನೂರಾ ಇಪ್ಪತ್ತೊಂದು ಅಡಿ. ಜಂತಿಯ ಮೇಲಿನ ಪಾರಿವಾಳದ ಗೂಡನ್ನೂ ಬಿಡದೆ ಬರೆದುಕೊಂಡ.

ಒಳಗೆ ಹೊರಟಾಗ ನಮ್ಮತ್ತೆ ಬಾಗಿಲಿಗೆ ಅಡ್ಡ ನಿಂತಳು.

“ಆಕಿ ಹೊರಗಾಗ್ಯಾಳ. ಆಕಿ ಮುಟ್ಟಿದ್ದು ಒಳಗ ಬರಂಗಿಲ್ಲ.”

“ಗೌರ್ಮೆಂಟ್ ಟೇಪಮ್ಮಾ ಇದಿ!” ಅಂದ. ತೆಲುಗಿನವ.

“ಗೌರ್ಮೆಂಟಿಗೆ ಮೈಲಿಗಿ ಇಲ್ಲೇನು? ತಾರಪ್ಪಾ ಇಲ್ಲಿ.”

ಪಟ್ಟಿಯನ್ನು ಕೋಲಿನಿಂದೆತ್ತಿ ಕುದಿಯುವ ನೀರಿಗೆ ಹಾಕಿದಳು. ಆಮೇಲೆ ಬಂಡೆಯ ಮೇಲೆ ಹರವಿ ಒಣಗಿಸಿ ಕೊಟ್ಟಳು. ನೂಲಿನ ಪಟ್ಟಿ ಬಿಸಿನೀರಿಗೆ ಬಿದ್ದರೆ ಕುಗ್ಗುತ್ತದೆಂದು ಬಟ್ಟೆ ಒಗೆಯುವವರಿಗೆಲ್ಲ ಗೊತ್ತು.

ಕುಗ್ಗಿದ ಪಟ್ಟಿಯ ಲೆಕ್ಕಕ್ಕೆ ಒಂದೊಂದು ಕೋಣೆಯೂ ಹತ್ತಡಿ ಒಂದಂಗುಲ ಬಂತು. ಅವನು ಹನ್ನೆರಡನ್ನೂ ಕೂಡಿಸಿದ. ಒಳಗೂ ನೂರಾ ಇಪ್ಪತ್ತೊಂದು! ಎದ್ದು ಹೋಗಿ ತುದಿಯ ಗೋಡೆಯನ್ನು ಬೆರಳಲ್ಲಿ ಬಡಿದ.

“ಗೋಡಿಗಿ ಜಾಗಾನೇ ಇಲ್ಲಲ್ಲಮ್ಮಾ!”

“ಎದುರಿಗೇ ಐತಲ್ಲಪ್ಪ, ಕಣ್ಣಿಲ್ಲೇನು?”

“ಲೆಕ್ಕದಾಗ ಲೇದು.”

ಹೊರಗೆ ಇನ್ನೊಮ್ಮೆ ಅಳೆಯುತ್ತೇನೆಂದು ಬಂದು ಪಟ್ಟಿಯ ತುದಿಯನ್ನು ನನ್ನ ಕಡೆ ಚಾಚಿದ. ಈಗ ಅಳೆದರೆ ಹೊರಗೂ ಮೂರಡಿ ಹೆಚ್ಚು ಬರುತ್ತದೆ. ಪಟ್ಟಿ ಕುಗ್ಗಿದ್ದು ತಿಳಿದರೆ ಹನ್ನೆರಡು ಸಂಸಾರವೂ ಬೀದಿಗೆ.

“ಮುಟ್ಟಿಸಪ್ಪ, ಮುಟ್ಟಿಸು,” ಎಂದಳು ಅತ್ತೆ. “ಮತ್ತ ಕುದಿಸ್ತೀನಿ. ನೀರು ಇನ್ನೂ ಆರಿಲ್ಲ.”

ಅವನು ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿದ. ನಕ್ಷೆಯ ಎರಡೂ ತುದಿಗೆ ‘ಗೋಡೆ ಇಲ್ಲ’ ಎಂದು ಬರೆದು ಸಹಿ ಮಾಡಿದ. ಹನ್ನೆರಡು ಸಂಸಾರಕ್ಕೂ ಊರಾಚೆ ಜಾಗ ಸಿಕ್ಕಿತು. ಆ ಇಲ್ಲದ ಗೋಡೆಗಳನ್ನು ಕೆಡವಲು ಎಂಟು ಆಳು ಹದಿನೈದು ದಿನ ಹಾರೆ ಹಾಕಬೇಕಾಯಿತು.