ಚಿವುಟದ ಕೈ

ಶಿರಾ ಬಸ್ ನಿಲ್ದಾಣದಲ್ಲಿ ಹೂವಿನವಳು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ತೆಗೆದಳು. ಮರುಗದ ವಾಸನೆ ಗಮ್ಮೆಂದು ಬಂತು. ಪಕ್ಕದ ಮನೆ ಚಿಕ್ಕಮ್ಮನ ತುರುಬಿನ ವಾಸನೆ ಅದು...

ರಕ್ತಸಂಬಂಧವೇನಿರಲಿಲ್ಲ. ಐ.ಡಿ.ಹಳ್ಳಿಯಲ್ಲಿ ನಮ್ಮೆರಡು ಮನೆಗೂ ಒಂದೇ ಗೋಡೆ. ಅವ್ವ ತೀರಿಕೊಂಡ ಮೇಲೆ ನನ್ನ ತಲೆ ಬಾಚಿದ್ದು, ಸೀರೆ ಉಡಲು ಕಲಿಸಿದ್ದು ಅವಳೇ. ಯಾರಿಗೂ ಮೈ ತಾಗಿಸಿ ಕೂರದ ನಾನು ಅವಳ ತೊಡೆಗೆ ಒರಗಿ ನಿದ್ದೆ ಹೋಗುತ್ತಿದ್ದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿರಾದಿಂದ ನನಗೊಂದು ಸಂಬಂಧ ಬಂತು. ಗಂಡಿನ ಮೊದಲ ಹೆಂಡತಿ ತೀರಿಕೊಂಡಿದ್ದಾಳೆ ಎಂದು ಅಪ್ಪನಿಗೆ ಹೇಳಿದ್ದರು. ಚಿಕ್ಕಮ್ಮನ ತವರೂ ಶಿರಾನೇ. ನೋಡಲು ಬಂದಾಗ ಹುಡುಗಿ ತಲೆ ಎತ್ತುವಂತಿರಲಿಲ್ಲ. ಕಾಣುತ್ತಿದ್ದದ್ದು ಚಾಪೆ ಮತ್ತು ಗಂಡಿನ ಕಾಲ ಹೆಬ್ಬೆರಳು, ಅಷ್ಟೇ. ಅದಕ್ಕೇ ಚಿಕ್ಕಮ್ಮ ಹೇಳಿದ್ದಳು: "ನಿನ್ ಪಕ್ದಾಗೇ ಕುಂತಿರ್ತೀನಿ ಕಣಮ್ಮ. ಗಂಡು ಸರಿ ಇಲ್ಲ ಅಂದ್ರೆ ತೊಡೆ ಚಿವುಟ್ತೀನಿ. ತಲೆ ಸುತ್ತುತ್ತೆ ಅಂತ ಎದ್ದು ಒಳಿಕ್ಕೋಗ್ಬುಡು. ನಿಮ್ಮಪ್ಪುಂಗೆ ನಾನು ಹೇಳ್ಕಂತೀನಿ."

ಆ ದಿನ ನನಗೆ ಹೂ ಮುಡಿಸಿ ಕರೆತಂದವಳು ಒಂದು ಮೊಳ ದೂರ ಕೂತಳು. ನಾನು ಅವಳ ಕಡೆ ಸರಿದೆ. ಅವಳೂ ಸರಿದಳು. ಬಂದವರ ಎದುರು ಗಾಂಭೀರ್ಯ ಇರಲಿ ಎಂದಿರಬೇಕು ಅಂದುಕೊಂಡೆ. ಕೈ ಬರಲೇ ಇಲ್ಲ. ಚಿವುಟಲಿಲ್ಲವಲ್ಲ, ಗಂಡು ಒಳ್ಳೆಯವನೇ ಅಂದುಕೊಂಡು, ಅಪ್ಪ ಒಪ್ಪಿಗೆ ಕೇಳಿದಾಗ ಖುಷಿಯಿಂದ ತಲೆಯಾಡಿಸಿದೆ. ಎಂಥ ಪೆದ್ದಿ ನಾನು.

ಆ ಮೊದಲ ಹೆಂಡತಿ ಸತ್ತಿರಲಿಲ್ಲ. ಏಟು ತಾಳಲಾರದೆ ಓಡಿಹೋಗಿದ್ದಳು. ಚಿಕ್ಕಮ್ಮನ ತವರಿನ ಬೀದಿಗೆಲ್ಲ ಗೊತ್ತಿದ್ದ ವಿಷಯ. ನನಗೆ ತಿಳಿಯುವ ಹೊತ್ತಿಗೆ ಬೆನ್ನ ಮೇಲೆ ಬಾಸುಂಡೆ ಎದ್ದಿತ್ತು. ಮರುವರ್ಷ ಚಿಕ್ಕಮ್ಮನ ಮಗಳು ನನ್ನ ಮೈದುನನ ಕೈ ಹಿಡಿದು ಅದೇ ಮನೆಗೆ ಬಂದಳು. ಮೈದುನ ಹಸುವಿನಂಥವನು. ದೊಡ್ಡವನಿಗೆ ಹೆಣ್ಣು ಸಿಗದೆ ಚಿಕ್ಕವನ ಮದುವೆ ಇಲ್ಲ ಎಂದು ನಮ್ಮತ್ತೆ ಪಟ್ಟು ಹಿಡಿದಿದ್ದರಂತೆ. ಚಿಕ್ಕಮ್ಮ ನನ್ನನ್ನು ಒಲೆಗಿಟ್ಟು ತನ್ನ ಬೇಳೆ ಬೇಯಿಸಿಕೊಂಡಿದ್ದಳು.

ಮಗಳನ್ನು ನೋಡಲು ಬಂದವಳು ನನ್ನನ್ನು ಒತ್ತಿಕೊಂಡು ಕೂತಳು. ನಾನು ಎದ್ದೆ.

"ಯಾಕವ್ವ, ದೂರ ಓಯ್ತೀಯ?"

"ಅವತ್ತು ನೀನ್ಯಾಕೆ ದೂರ ಕುಂತೆ ಚಿಕ್ಕಮ್ಮ?"

ಅವಳು ಸೆರಗು ಸರಿಮಾಡಿಕೊಂಡಳು. "ನಂಗೂ ಮಗಳಿದ್ಲಲ್ಲವ್ವ" ಅಂದಳು.

ನಾನೂ ಅವಳ ಮಗಳೇ ಅಂದುಕೊಂಡಿದ್ದೆ...

ಈಗ ಅವಳೂ ಇಲ್ಲ, ನನ್ನ ಗಂಡನೂ ಇಲ್ಲ. ಅವನನ್ನು ಎಂದೋ ಕ್ಷಮಿಸಿದೆ. ಅವನು ನನಗೆ ಯಾವ ಮಾತೂ ಕೊಟ್ಟಿರಲಿಲ್ಲ. ಇಷ್ಟು ವರ್ಷವಾದರೂ ಯಾರೇ ಪಕ್ಕಕ್ಕೆ ಬಂದರೂ ನನ್ನ ಮೈ ತಾನಾಗಿ ಸರಿಯುತ್ತದೆ. "ಅಜ್ಜಿಗೆ ನಾನಂದ್ರೆ ಇಷ್ಟ ಇಲ್ಲ" ಎಂದು ಮೊಮ್ಮಗಳು ಮೊನ್ನೆ ಅತ್ತಳು. ನಾನು ಕೈ ಚಾಚುವಷ್ಟರಲ್ಲಿ ಅವಳು ದೂರ ಹೋಗಿ ಕೂತಿದ್ದಳು.